ತೈಮಿ ಆರಿಸಿದ ಜಾಡು

ನಮ್ಮಕ್ಕ ತೈಮಿಯ ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ಸಕ್ಕರೆ ಕಾಯಿಲೆ ಅದನ್ನು ಚೂರುಚೂರೇ ತಿಂದಿತು. ಮೊದಲು ಸೂಜಿಗೆ ದಾರ ಪೋಣಿಸುವುದು ನಿಂತಿತು, ಆಮೇಲೆ ಚರ್ಚಿನಲ್ಲಿ ಹಾಡಿನ ಪುಸ್ತಕ ಹಿಡಿಯುವುದು ನಿಂತಿತು. ಕೊನೆಗೆ ಕಿಟಕಿ ಯಾವ ಕಡೆಗಿದೆ ಎಂದು ಹೇಳುವಷ್ಟು ಬೆಳಕು ಮಾತ್ರ ಉಳಿಯಿತು. ಆ ಕಿಟಕಿಯ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡು ಕೂತುಬಿಟ್ಟಳು.

ಕೂರುವ ಜೀವವೇ ಅಲ್ಲ ಅದು. ಸುಪೀರಿಯರ್ ಸರೋವರದ ದಂಡೆಯ ನಮ್ಮೂರಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲಿನವರೆಗೂ ಜಾಗ ಬಿಡುವುದಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದದ್ದು ಅಪ್ಪ ಬರ್ಚ್ ಮರ ಸೀಳಿ ಮಾಡಿಕೊಟ್ಟ, ಹಿಮದಲ್ಲಿ ಜಾರುವ ಸ್ಕೀಗಳ ಮೇಲೆ. ಅವಳು ಹಾಡುತ್ತಾ ಮುಂದೆ, ನಾನು ಅಳುತ್ತಾ ಹಿಂದೆ. ಮದುವೆಯಾಗಿ ಯಾಲ್ಮರ್ ಕಂಗಸ್ ಅವರ ಮನೆ ಸೇರಿದ ಮೇಲೂ ಅಷ್ಟೇ. ಅಡುಗೆ ಒಲೆಯ ಮೇಲಿಟ್ಟು ಕಾಡಿನಲ್ಲಿ ಒಂದು ಸುತ್ತು ಹೋಗಿ ಬಂದು, ಕೆನ್ನೆ ಕೆಂಪಗೆ ಮಾಡಿಕೊಂಡೇ ಬಡಿಸುತ್ತಿದ್ದಳು.

ಭಾವ ಯಾಲ್ಮರ್ ಜೀವಮಾನವೆಲ್ಲ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವರು. ಮಾತು ಕಡಿಮೆ. ಹೆಂಡತಿ ಕುರ್ಚಿ ಹಿಡಿದದ್ದನ್ನು ಒಂದು ಚಳಿಗಾಲ ನೋಡಿದರು, ಮುಂದಿನ ಚಳಿಗಾಲಕ್ಕೆ ತಡೆಯಲಾಗಲಿಲ್ಲ. ಹಿಮದ ಮೇಲೆ ಓಡುವ ತಮ್ಮ ಹಳೆಯ ಗಾಡಿಗೆ, ಅಂದರೆ ಸ್ನೋಮೊಬೈಲಿಗೆ, ತುಕ್ಕು ಹಿಡಿದ ಸ್ಪ್ರಿಂಗ್ ಮಂಚವೊಂದನ್ನು ಕಟ್ಟಿ, ಮನೆಯ ಹಿಂದಿನ ಕಾಡಿನಲ್ಲಿ ಎಳೆದಾಡಿ ದಾರಿ ಸಮ ಮಾಡಿದರು.

"ಬಾರೇ, ರಸ್ತೆ ಹಾಕಿದೀನಿ," ಅಂದರು.

ಅಕ್ಕ ಸ್ಕೀ ಕಟ್ಟಿಕೊಂಡು ಹೊರಟಳು. ದಾರಿ ನುಣ್ಣಗಿತ್ತು, ಆದರೆ ಕಾಲಿಗೆ ಹಿಡಿತವೇ ಇರಲಿಲ್ಲ. ಸ್ಕೀಗಳು ಒಂದು ಆ ಕಡೆ, ಒಂದು ಈ ಕಡೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ದೇವದಾರು ಮರಕ್ಕೆ ಮುಖ ಕೊಟ್ಟು ಬಿದ್ದಳು. ತುಟಿ ಒಡೆಯಿತು.

"ಮಂಚ ಎಳೆದೋನು ಹಾಸಿಗೆನೂ ಹಾಸಿದ್ರೆ ಆಗ್ತಿತ್ತು, ಇಲ್ಲೇ ಮಲಗ್ತಿದ್ದೆ," ಎಂದು ರಕ್ತ ಉಗಿಯುತ್ತಲೇ ಅಂದಳು. ಭಾವ ನಗಲಿಲ್ಲ. ಮಂಚ ಬಿಚ್ಚಿ ಬಿಸಾಕಿದರು.

ಆ ವಾರ ಓಯ್ವಾನನ್ನು ಕಾಫಿಗೆ ಕರೆದರು. ಓಯ್ವಾ ಸ್ಕೀ ಸಂಘದ ದಾರಿಗಳನ್ನು ವರ್ಷಾನುಗಟ್ಟಲೆ ನೋಡಿಕೊಂಡವನು, ಭಾವನ ಹಳೆಯ ಗೆಳೆಯ. ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತಾ ಹೇಳಿದ: "ಹೊಸ ಹಿಮ ಹತ್ತಿ ಇದ್ದ ಹಾಗೆ, ಅದನ್ನ ಮೊದಲು ರೋಲರ್ ಎಳೆದು ಅದುಮಬೇಕು. ಹಳೇ ಹಿಮ ಕಲ್ಲು, ಅದಕ್ಕೆ ಹಲ್ಲಿರೋ ಕುಂಟೆ ಹೊಡೀಬೇಕು. ಆಮೇಲೆ ಜಾಡಿನ ಹಲಗೆ. ಅದು ಎರಡು ಗೀರು ಕೊರೆದುಕೊಂಡು ಹೋಗುತ್ತೆ, ರೈಲು ಕಂಬಿ ಥರ. ಅದರಲ್ಲಿ ಸ್ಕೀ ಇಟ್ರೆ ಕಣ್ಣು ಮುಚ್ಕೊಂಡು ಹೋಗಬಹುದು."

ಹೇಳಿ ನಾಲಿಗೆ ಕಚ್ಚಿಕೊಂಡ.

"ನಾನು ಮುಚ್ಕೊಂಡೇ ಇದೀನಿ ಕಣೋ," ಅಂದಳು ಅಕ್ಕ. "ಮುಂದೆ ಹೇಳು."

ಎಳೆಯುವ ಗಾಡಿ ಯಾವುದು ಎಂಬುದರ ಮೇಲೆ ಗಂಡಸರಿಬ್ಬರೂ ಮಧ್ಯಾಹ್ನವೆಲ್ಲ ಕಿತ್ತಾಡಿದರು. ಭಾವನ ಹಳೆಯ ಸ್ನೋಮೊಬೈಲ್ ಓಡುವುದಕ್ಕೆ ಹುಟ್ಟಿದ್ದು, ಎಳೆಯುವುದಕ್ಕಲ್ಲ. ನಿಧಾನಕ್ಕೆ ಹೋದರೆ ಅದರ ಎಂಜಿನ್ ಬಿಸಿಯಾಗಿಬಿಡುತ್ತಿತ್ತು. ಅಗಲ ಪಟ್ಟಿಯ, ಎತ್ತಿನ ಹಾಗೆ ಎಳೆಯುವ ಗಾಡಿ ಬೇಕು ಎಂದು ಓಯ್ವಾ. ಅಷ್ಟು ಭಾರದ್ದು ಮನೆ ಹಿಂದಿನ ಕಾಡಿನ ಜೌಗಿನಲ್ಲಿ ಹೂತುಹೋಗುತ್ತದೆ ಎಂದು ಭಾವ. ಕೊನೆಗೆ ಓಯ್ವಾ ಗೆದ್ದ. ಮರ ಸಾಗಿಸುವವನೊಬ್ಬ ಮಾರಲಿಟ್ಟಿದ್ದ ದುಡಿಮೆಯ ಸ್ನೋಮೊಬೈಲ್ ಅಂಗಳಕ್ಕೆ ಬಂತು. ಖಾಲಿ ಡ್ರಮ್ಮಿನಿಂದ ರೋಲರನ್ನು ಭಾವ ಕೊಟ್ಟಿಗೆಯಲ್ಲೇ ಮಾಡಿಕೊಂಡರು. ಉಳಿದದ್ದು ಜಾಡಿನ ಹಲಗೆ. ಅದನ್ನು ತರಲು ದೊಡ್ಡೂರಿನ ಅಂಗಡಿಗೆ ನಾವು ನಾಲ್ವರೂ ಹೋದೆವು.

ಅಂಗಡಿಯವನು ಭಾವನಿಗೆ ತೋರಿಸತೊಡಗಿದ. ಅಕ್ಕ ನನ್ನ ತೋಳು ಬಿಟ್ಟು, ಕೈಗವಸು ಕಳಚಿ ನೆಲದ ಮೇಲೆ ಮೊಣಕಾಲೂರಿದಳು.

"ಏನಮ್ಮಾ, ನೀವು ಆರಿಸೋದಾ?"

"ಓಡಿಸೋನು ಅವನು. ಅದನ್ನ ನಂಬ್ಕೊಂಡು ಹೋಗೋಳು ನಾನು ಅಲ್ವೇನಪ್ಪಾ?"

ಅಲ್ಲಿದ್ದವು ಎರಡು. ಒಂದು ಪ್ಲಾಸ್ಟಿಕ್ಕಿನದು, ಹಗುರ, ಒಂದೇ ಕೈಯಲ್ಲಿ ಎತ್ತಬಹುದು. ಇನ್ನೊಂದು ಪೂರಾ ಉಕ್ಕಿನದು. ಅಕ್ಕ ಎರಡರ ತಳಕ್ಕೂ ಕೈಹಾಕಿ, ಗೀರು ಕೊರೆಯುವ ಉಬ್ಬುಗಳನ್ನು ಬೆರಳಿನಿಂದ ಅಳೆದಳು. ಕೈಗೂಸಿನ ಒಸಡು ಸವರಿ ಹಲ್ಲು ಹುಡುಕುವ ಹಾಗೆ, ಮೆಲ್ಲಗೆ.

"ಇದು ಮೇಲೆ ಮೇಲೆ ಗೀರುತ್ತೆ. ಒಂದು ಗಾಳಿ ಬೀಸಿದ್ರೆ ಮುಚ್ಚಿ ಹೋಗುತ್ತೆ," ಎಂದು ಹಗುರದ್ದನ್ನು ಪಕ್ಕಕ್ಕೆ ತಳ್ಳಿದಳು. "ನನಗೆ ಆಳವಾಗಿ ಹೋಗೋದು ಬೇಕು. ಕಾಲು ಆಚೆ ಬರಬಾರದು."

ಓಯ್ವಾ ಭಾವನ ತೋಳು ಹಿಡಿದ. "ಯಾಲ್ಮರ್, ಉಕ್ಕಿನದು ತಗೊಂಡ್ರೆ ಎತ್ತೋದಕ್ಕೆ ಮೋಟಾರ್ ಇರೋದೇ ತಗೋ. ಇಲ್ಲಾಂದ್ರೆ ಕಿರಿದಾದ ತಿರುವಲ್ಲೆಲ್ಲ ಇಳಿದು ಎತ್ತಬೇಕು. ಒದ್ದೆ ಹಿಮದಲ್ಲಿ ಸೊಂಟ ಮುರಿಯುತ್ತೆ."

"ನನಗೇನು ಕೈ ಇಲ್ವಾ?"

"ಕೈ ಇದೆ. ಕೈ ಜೊತೆಗೆ ವಯಸ್ಸೂ ಇದೆ."

ಮೋಟಾರಿನದು ಬೇಕಾದರೆ ತರಿಸಬೇಕು, ಬರುವಷ್ಟರಲ್ಲಿ ಅರ್ಧ ಚಳಿಗಾಲ ಮುಗಿಯುತ್ತದೆ ಅಂದ ಅಂಗಡಿಯವನು. ಭಾವ ಅಕ್ಕನ ಮುಖ ನೋಡಿದರು. ಅವಳು ಇನ್ನೂ ಆ ಉಕ್ಕಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

"ಅವಳು ಹಿಡ್ಕೊಂಡಿರೋದನ್ನೇ ಕಟ್ಟಪ್ಪಾ," ಅಂದರು.

ಆ ಚಳಿಗಾಲ ಮತ್ತು ಅದರ ಮುಂದಿನದು ನಮ್ಮಕ್ಕನ ಪಾಲಿಗೆ ಬಂದ ಎರಡು ಒಳ್ಳೆಯ ಕಾಲ. ಹಿಮ ಬಿದ್ದ ಮರುದಿನ ಬೆಳಗ್ಗೆ ಭಾವ ಗಾಡಿ ಹೊರಡಿಸುತ್ತಿದ್ದರು. ಅದುಮಿದ ದಾರಿಯ ನಡುವೆ ಎರಡು ಗೀರು ಅಂಗಳದಿಂದ ಹೊರಟು, ಸೀಡರ್ ಮರಗಳ ಜೌಗು ದಾಟಿ, ಹಳೆಯ ಗಣಿಯ ಕಲ್ಲುಗುಡ್ಡೆ ಸುತ್ತಿ ಮತ್ತೆ ಅಂಗಳಕ್ಕೇ ಬರುತ್ತಿದ್ದವು. ಅಕ್ಕ ಒಬ್ಬಳೇ ಹೋಗುತ್ತಿದ್ದಳು. ಯಾರ ತೋಳೂ ಬೇಡ, ಯಾರ ದನಿಯೂ ಬೇಡ. ಒಮ್ಮೆ ನಾನು ಹಿಂದೆ ಹಿಂದೆ ಹೊರಟಿದ್ದಕ್ಕೆ ಗದರಿದಳು: "ಸೆನಿಯಾ, ನನ್ನ ಬಾಲ ಹಿಡ್ಕೊಂಡು ಬರಬೇಡ್ವೇ. ಇಲ್ಲಾದ್ರೂ ಒಬ್ಬಳೇ ಇರೋಕೆ ಬಿಡು."

ಒಂದೇ ಕಟ್ಟಳೆ ಇತ್ತು. ಗಾಡಿ ಅಂಗಳಕ್ಕೆ ಬಂದು ಎಂಜಿನ್ ನಿಲ್ಲುವವರೆಗೆ ಅವಳು ಜಾಡಿಗೆ ಇಳಿಯುವಂತಿಲ್ಲ.

ಎರಡನೆಯ ಚಳಿಗಾಲದ ಮಾರ್ಚಿನಲ್ಲಿ ಒದ್ದೆ ಹಿಮ ಬಿತ್ತು. ಬಟ್ಟೆ ಹಿಂಡಿದ ಹಾಗೆ ಹಿಂಡಿದರೆ ನೀರು ಇಳಿಯುವಂಥದ್ದು. ಇವತ್ತು ಬೇಡ, ನಾಳೆ ಹೆಪ್ಪುಗಟ್ಟಲಿ ಎಂದು ಅಕ್ಕ ಹೇಳಿದಳಂತೆ. "ಹೆಪ್ಪುಗಟ್ಟಿದ್ರೆ ಕಲ್ಲಾಗುತ್ತೆ, ನಂಗೆ ಕುಂಟೆ ಬೇರೆ ಇಲ್ಲ," ಎಂದು ಭಾವ ಹೊರಟರಂತೆ. ಕುಂಟೆಯನ್ನು ಈ ವರ್ಷ ತರೋಣ, ಮುಂದಿನ ವರ್ಷ ತರೋಣ ಎಂದು ಮುಂದಕ್ಕೆ ಹಾಕುತ್ತಲೇ ಬಂದಿದ್ದರು.

ಅಕ್ಕ ಕಿಟಕಿಯ ಬಳಿ ಕೂತು ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದಳು. ಜೌಗಿನ ಕಡೆ ಅದು ಏರಿತು, ಇಳಿಯಿತು, ಮತ್ತೆ ಏರಿತು, ಆಮೇಲೆ ನಿಂತಿತು. ಹೂತುಕೊಂಡಿರಬೇಕು, ಸಲಿಕೆ ಹಿಡಿದಿರುತ್ತಾನೆ ಅಂದುಕೊಂಡಳು. ಕಾಫಿಗೆ ನೀರಿಟ್ಟಳು. ನೀರು ಕುದಿದು ಅರ್ಧಕ್ಕೆ ಇಳಿಯಿತು. ಸದ್ದು ಮತ್ತೆ ಏಳಲೇ ಇಲ್ಲ.

ಸ್ಕೀ ಕಟ್ಟಿಕೊಂಡು ಅವಳು ಜಾಡಿಗಿಳಿದಳು.

ಆಗತಾನೆ ಕೊರೆದ ಗೀರುಗಳು ಅವಳನ್ನು ನೇರವಾಗಿ ಅವರ ಬಳಿಗೇ ಕರೆದುಕೊಂಡು ಹೋದವು. ಹೆಸರು ಹಿಡಿದು ಕೂಗುತ್ತಲೇ ಹೋದಳಂತೆ. ಜೌಗಿನ ತಿರುವಿನಲ್ಲಿ ಸ್ಕೀಯ ಮೂತಿ ಉಕ್ಕಿಗೆ ಬಡಿಯಿತು. ಬಗ್ಗಿ ತಡಕಿದಳು. ಹಲಗೆಯ ಒಂದು ಬದಿ ಕೆಸರುಹಿಮದಲ್ಲಿ ಕಚ್ಚಿಕೊಂಡಿತ್ತು, ಇನ್ನೊಂದು ಬದಿ ಮೇಲಕ್ಕೆದ್ದಿತ್ತು. ಅದರ ಪಕ್ಕದಲ್ಲಿ ಭಾವ ಬೋರಲಾಗಿದ್ದರು. ಟೊಪ್ಪಿ ಬಿದ್ದುಹೋಗಿತ್ತು.

ಶಾಲೆಯ ಅಡುಗೆಮನೆಯಲ್ಲಿ ಕೆಲಸದಲ್ಲಿದ್ದ ನನಗೆ ಫೋನು ಬಂತು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

"ಸೆನಿಯಾ, ಬಾ. ಯಾಲ್ಮರ್ ತಣ್ಣಗಾಗ್ತಿದಾನೆ."

ನಾನು ಓಯ್ವಾನನ್ನೂ ಕರೆದುಕೊಂಡು ಓಡಿದೆ. ಅಕ್ಕ ಭಾವನನ್ನು ಅಂಗಾತ ಮಾಡಿ, ತನ್ನ ಕೋಟು ಬಿಚ್ಚಿ ಅವರ ಮೇಲೆ ಹೊದಿಸಿ, ಬರೀ ಸ್ವೆಟರಿನಲ್ಲಿ ಅದೇ ಗೀರು ಹಿಡಿದು ಮನೆಗೆ ಬಂದು ಫೋನು ಮಾಡಿದ್ದಳು. ಕೋಟಿನ ಗುಂಡಿಗಳನ್ನೂ ಹಾಕಿದ್ದಳು. ಓಯ್ವಾ ಭಾವನ ಪಕ್ಕದಲ್ಲಿ ಕೂತು ಮುಖ ಮುಚ್ಚಿಕೊಂಡ. ಅವರ ಜೀವ ಹೋಗಿ ಹೊತ್ತಾಗಿತ್ತು.

ಎದೆಯ ರಕ್ತನಾಳಗಳು ಎಷ್ಟೋ ವರ್ಷದಿಂದ ಕಟ್ಟಿಕೊಂಡಿದ್ದವು, ಕುರ್ಚಿಯಲ್ಲಿ ಕೂತಿದ್ದರೂ ಹೀಗೇ ಆಗುತ್ತಿತ್ತು ಅಂದರು ಡಾಕ್ಟರು. ಚರ್ಚಿನ ನೆಲಮಾಳಿಗೆಯಲ್ಲಿ ಅಂತ್ಯಕ್ರಿಯೆ ಮುಗಿಸಿ ಕಾಫಿ ಕುಡಿಯುವಾಗ ಪಾದ್ರಿಯೂ ಅದನ್ನೇ ಅಂದರು. ಅಕ್ಕ ಎಲ್ಲರಿಗೂ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ನನಗೆ ಹೇಳಿದಳು:

"ಕೈಯಿಟ್ಟು ಆರಿಸಿದೋಳು ನಾನು."

"ಅಕ್ಕಾ, ಹಾಗನ್ಬೇಡ. ಭಾವ ತಾವೇ ಒಪ್ಪಿ..."

"ಒಪ್ಪದೆ ಏನು ಮಾಡ್ತಾನೆ? ಕುರುಡಿ ಕೇಳಿದ್ದು."

 

ಮುಂದಿನ ಚಳಿಗಾಲಕ್ಕೆ ಮೊದಲೇ ಓಯ್ವಾ ಬಂದ. ಸಂಘದ ಹುಡುಗರೂ ತಾನೂ ಸೇರಿ ಜಾಡು ಹಾಕಿಕೊಡುತ್ತೇವೆ, ಹಗುರದ ಹಲಗೆಯಲ್ಲೇ ಹಾಕುತ್ತೇವೆ ಎಂದು ಗೋಗರೆದ.

"ಬೇಡ ಓಯ್ವಾ."

"ತೈಮಿ, ಯಾಲ್ಮರ್‌ಗೆ ನೀನು ಹೀಗೆ ಕೂತ್ಬಿಡೋದು ಸರಿ ಅನ್ಸಲ್ಲ."

"ಅವನನ್ನ ಕೇಳ್ಕೊಂಡು ಬಂದು ಹೇಳು, ಆಮೇಲೆ ನೋಡೋಣ."

ಅವನು ಅಳುತ್ತಲೇ ಹೋದ. ಗಾಡಿ, ರೋಲರು, ಉಕ್ಕಿನ ಹಲಗೆ ಎಲ್ಲವನ್ನೂ ಸಂಘಕ್ಕೆ ಎತ್ತಿಕೊಂಡು ಹೋಗಲು ಅಕ್ಕ ಹೇಳಿಬಿಟ್ಟಳು. ಬೇಸಿಗೆಯಲ್ಲಿ ಯಾರೂ ಪೊದೆ ಕಡಿಯಲಿಲ್ಲ. ಕಾಡುರಾಸ್‌ಬೆರಿ ಮುಳ್ಳು ದಾರಿಗೆ ನುಗ್ಗಿತು, ಜೌಗಿನ ಬದಿಯಲ್ಲಿ ಎಳೆ ದೇವದಾರುಗಳು ಎದ್ದವು. ಈಗ ಆ ಕಾಡಿನಲ್ಲಿ ದಾರಿ ಇತ್ತೆಂದರೆ ಹೊಸಬರು ನಂಬುವುದಿಲ್ಲ.

ನಾನು ನನ್ನ ಮನೆ ಬಾಡಿಗೆಗೆ ಕೊಟ್ಟು ಅಕ್ಕನ ಜೊತೆ ಇರಲು ಬಂದೆ. ಕಾಫಿ ತೆಳುವಾಯಿತೆಂದು ದಿನವೂ ಬೈಯುತ್ತಾಳೆ, ರೇಡಿಯೊ ಜೋರಾಯಿತೆಂದು ನಾನು ಬೈಯುತ್ತೇನೆ. ಸ್ಕೀಯ ಮಾತು ಇಬ್ಬರೂ ಎತ್ತುವುದಿಲ್ಲ. ಹಿಮ ಬಿದ್ದ ದಿನ ಮಾತ್ರ ಅವಳು ಬೇರೆಯೇ ಆಗುತ್ತಾಳೆ.

"ಪುಡಿನಾ, ಒದ್ದೆನಾ?" ಎಂದು ಎದ್ದ ಕೂಡಲೇ ಕೇಳುತ್ತಾಳೆ. ಒದ್ದೆ ಅಂದರೆ ಹಿಮ ಎತ್ತಿಹಾಕಲು ಅಂಗಳಕ್ಕೆ ಇಳಿಯಲು ಬಿಡುವುದಿಲ್ಲ. ಬಿಟ್ಟರೂ ಬಾಗಿಲಲ್ಲಿ ಶಾಲು ಹೊದ್ದು ನಿಂತಿರುತ್ತಾಳೆ. ನಾನು ಉಸಿರು ತೆಗೆದುಕೊಳ್ಳಲು ಸಲಿಕೆ ನಿಲ್ಲಿಸಿದರೆ ಸಾಕು:

"ಸೆನಿಯಾ?"

"ಇದೀನಕ್ಕಾ."

"ಮತ್ಯಾಕೆ ಸದ್ದಿಲ್ಲ?"

"ಸುಸ್ತಾಯ್ತು, ನಿಂತಿದೀನಿ."

"ಸುಸ್ತಾದ್ರೆ ಒಳಗೆ ಬಾ. ಹಿಮ ತಾನಾಗೇ ಕರಗುತ್ತೆ."

ಏಪ್ರಿಲಿಗೆ ಇನ್ನೂ ಎಷ್ಟೋ ದಿನ ಇರುತ್ತದೆ. ಸಲಿಕೆಯನ್ನು ಗೋಡೆಗೆ ಒರಗಿಸಿ ನಾನು ಒಳಗೆ ಹೋಗುತ್ತೇನೆ.