ಆರ್ ಅಕ್ಷರದ ಕಾಲು

ಅಥವಾ ಅಕ್ಷರ ತಿದ್ದುವ ಆ ಕಾಪಿಬುಕ್ಕನ್ನು ನಮ್ಮ ಟೀಮ್ ಲೀಡೇ ತಂದುಕೊಟ್ಟಿದ್ದರೋ ಏನೋ. ನಾನೇ ಅಬಿಡ್ಸ್ ಪೇಟೆಗೆ ಹೋಗಿ ಕೊಂಡೆ ಎಂದು ಇಷ್ಟು ವರ್ಷ ನಂಬಿದ್ದೇನೆ. ಅಂಗಡಿಯವನು "ಬಚ್ಚೀ ಕೌನ್ಸೀ ಕ್ಲಾಸ್ ಮೇ ಹೈ, ಅಮ್ಮಾ?" ಎಂದು ಮಗುವಿನ ಕ್ಲಾಸು ಕೇಳಿದ್ದು, ನಾನು "ಯುಕೆಜಿ" ಎಂದದ್ದು ಕಿವಿಯಲ್ಲಿದೆ. ಆದರೆ ಈ ಉತ್ತರ ತೀರಾ ಚುರುಕಾಗಿದೆ. ಆಗ ನನಗೆ ಇಪ್ಪತ್ಮೂರು. ಅಷ್ಟು ಚುರುಕಿದ್ದಿದ್ದರೆ ಕಾಪಿಬುಕ್ಕು ಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ.

ಹೈದರಾಬಾದಿನಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ. ನಾನು ರಾಯಚೂರಿನಿಂದ ಬಂದು, ಮಿಯಾಪುರದ ಹಾಸ್ಟೆಲಿನಲ್ಲಿದ್ದುಕೊಂಡು, ಅಂಥ ಒಂದು ಕಂಪನಿಯಲ್ಲಿ ಕಂಪ್ಯೂಟರ್ ದಾಖಲೆಗಳ ನಕಲನ್ನು ಟೇಪಿನಲ್ಲಿ ತೆಗೆದಿಡುವ ಬ್ಯಾಕಪ್ ಕೋಣೆಯಲ್ಲಿ ಪ್ರೊಬೇಷನ್ ಮೇಲಿದ್ದೆ. ಸುತ್ತ ಕಂಪ್ಯೂಟರುಗಳೇ. ಆದರೂ ಯಾವ ಟೇಪಿನಲ್ಲಿ ಏನಿದೆ, ಯಾವುದನ್ನು ಅಳಿಸಿ ಮತ್ತೆ ಬಳಸಬಹುದು ಎಂಬುದನ್ನು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಕೈಯಿಂದಲೇ ಬರೆಯಬೇಕಿತ್ತು. ಮುಂದಿನ ಪಾಳಿಯವರು ಅದನ್ನು ನೋಡಿಕೊಂಡು ಟೇಪು ಅಳಿಸುತ್ತಿದ್ದರು. ದಾರ ಕಟ್ಟಿದ ಒಂದೇ ಪೆನ್ನು. ಸಹಿಗೆ ಕಾಲಂ ಇತ್ತು, ಯಾರೂ ಹಾಕುತ್ತಿರಲಿಲ್ಲ. ಅಕ್ಷರ ನೋಡಿದರೆ ಯಾರದೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ನನ್ನದು ಕರ್ಸಿವ್. ಪೆನ್ನು ಎತ್ತದೆ ಒಂದಕ್ಕೊಂದು ಕೂಡಿಸಿ ಬರೆಯುವ ಇಂಗ್ಲಿಷು. ಅದನ್ನು ಕಲಿತದ್ದು ಅವ್ವನ ಜೊತೆ. ಏಳನೆಯದಕ್ಕೆ ಶಾಲೆ ಬಿಟ್ಟಿದ್ದ ಅವ್ವ, ನಾನು ಹೋಮ್‌ವರ್ಕ್ ಮಾಡುವಾಗ ಪಕ್ಕದಲ್ಲಿ ಕೂತು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೂ ತಿದ್ದುತ್ತಿದ್ದಳು.

ನಮ್ಮ ಟೀಮ್ ಲೀಡ್ ಮೈಸೂರಿನವರು. ಒಂದು ಮಧ್ಯಾಹ್ನ ಎಲ್ಲರೆದುರು ರಿಜಿಸ್ಟರನ್ನು ಎತ್ತಿ ಹಿಡಿದರು.

"ಏನಮ್ಮಾ ಇದು, ಶಾವಿಗೆ ಒಣಗಹಾಕಿದ್ದೀಯಾ?"

ನಕ್ಕರು. ಕನ್ನಡ ಬಾರದವರೂ ನಕ್ಕರು.

"ಓದಾಕ ಬರತೈತಲ್ರಿ, ಸರ್."

"ಬರತೈತಂತೆ. ನಿಮ್ಮೂರಲ್ಲಿ ಬರತೈತೇನೋ, ಇಲ್ಲಿ ಬರಲ್ಲ. ನಾಲ್ಕು ಗೆರೆ ಕಾಪಿ ತಗೋ. ದಿನಾ ಒಂದು ಪುಟ, ಬರೀ ಕ್ಯಾಪಿಟಲ್. ಬಿಡಿ ಬಿಡಿಯಾಗಿ. ನಿನ್ನ ಕೆಲಸ ಕಾಯಂ ಮಾಡೋ ಕಾಗದಕ್ಕೆ ಸಹಿ ಹಾಕೋನು ನಾನು, ನೆನಪಿರಲಿ."

ಪ್ರತಿ ಪುಟದ ಮೊದಲ ಸಾಲನ್ನು ಅವರೇ ಬರೆದುಕೊಡುತ್ತಿದ್ದರು. ಅವರ ಆರ್ ಅಕ್ಷರದ ಕಾಲು, ಹೋಗುವವರಿಗೆ ಅಡ್ಡಗಾಲು ಹಾಕುವಂತೆ, ಗೆರೆ ದಾಟಿ ಚಾಚಿಕೊಂಡಿರುತ್ತಿತ್ತು. ನಾನು ಆ ಕಾಲಿನ ಸಮೇತ ತಿದ್ದಿದೆ. ಮೊದಲೆರಡು ದಿನ ಹೆದರಿಕೆಯಿಂದ. ಆಮೇಲೆ ಹೆದರಿಕೆಯಿಂದಲ್ಲ, ಹಟದಿಂದ. ತಿಂಗಳ ಕೊನೆಗೆ ಅವರು ಕೆಂಪು ಪೆನ್ನಿನಲ್ಲಿ 'ಗುಡ್' ಎಂದು ಬರೆದು ಎಲ್ಲರಿಗೂ ತೋರಿಸಿದರು. ಆ ಕೆಂಪನ್ನು ಅವರಿಗೆ ಹಿಂದಿರುಗಿಸಬೇಕೆಂದು ಅವತ್ತೇ ನಿಶ್ಚಯಿಸಿದೆ. ಹೇಗೆಂದು ಗೊತ್ತಿರಲಿಲ್ಲ.

ಕೆಲವು ವಾರಗಳಲ್ಲಿ ಅದು ತಾನಾಗಿ ಬಂತು. ಅಳಿಸಬಾರದ ಟೇಪೊಂದು ಅಳಿಸಿಹೋಯಿತು. ಗ್ರಾಹಕರೊಬ್ಬರ ತಿಂಗಳ ದಾಖಲೆಯೆಲ್ಲ ಹೋಯಿತು. ರಿಜಿಸ್ಟರಿನಲ್ಲಿ, ಅದನ್ನು ಮತ್ತೆ ಬಳಸಬಹುದೆಂದು ಯಾರೋ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆದಿದ್ದರು. ಅದನ್ನು ಬರೆದ ಮಧ್ಯಾಹ್ನ ಪಾಳಿ ಬದಲಾಗುತ್ತಿತ್ತು, ಕೋಣೆಯಲ್ಲಿದ್ದವರು ಲೀಡ್ ಮತ್ತು ನಾನು, ಇಬ್ಬರೇ. ಮ್ಯಾನೇಜರ್ ಇಬ್ಬರನ್ನೂ ಕರೆದರು.

ಇಲ್ಲಿಂದ ಮುಂದಿನದನ್ನು ಮೂರು ಸಲ ಬರೆದು ಹರಿದಿದ್ದೇನೆ. ಪ್ರತಿ ಸಲ ನಾನು ಇನ್ನಷ್ಟು ಧೈರ್ಯವಂತೆಯಾಗಿ ಹೊರಬರುತ್ತೇನೆ. ಮಾತು ನಡೆದದ್ದು ಹಿಂದಿಯಲ್ಲಿ. ಕನ್ನಡದಲ್ಲಿ ಬರೆದರೆ ಅಷ್ಟರಮಟ್ಟಿಗೆ ಅದೂ ಸುಳ್ಳೇ.

"ಇದು ಯಾರ ಅಕ್ಷರ?" ಮ್ಯಾನೇಜರ್ ಕೇಳಿದರು.

"ಇವಳದು," ಎಂದರು ಲೀಡ್, ಪುಟವನ್ನು ಪೂರ್ತಿ ನೋಡುವ ಮೊದಲೇ.

"ಅಲ್ಲ ಸರ್. ಈ ಆರ್ ನೋಡಿ, ಕಾಲು ಗೆರೆ ದಾಟಿದೆ. ಇದು ಅವರ ಆರ್."

"ಅದನ್ನ ಕಲಿಸಿದ್ದೇ ನಾನು. ತಿಂಗಳು ಪೂರ್ತಿ ಕಾಪಿ ಬರೆಸಿದ್ದೀನಿ."

"ಕಾಪಿ?" ಮ್ಯಾನೇಜರ್ ಕನ್ನಡಕ ತೆಗೆದರು. "ಇಲ್ಲಿ? ಕೆಲಸಕ್ಕಿರುವವರಿಗೆ?"

 ಮ್ಯಾನೇಜರ್ ನನ್ನ ಕಡೆ ಒಂದು ಹಾಳೆ ತಳ್ಳಿ, ರಿಜಿಸ್ಟರಿನ ಅದೇ ಸಾಲನ್ನು ಬರೆಯಲು ಹೇಳಿದರು.

ಬಿಡಿ ಅಕ್ಷರದಲ್ಲಿ ಬರೆಯಬಹುದಿತ್ತು. ಒಂದೆರಡು ತಿಂಗಳಿನಿಂದ ನಾನು ಬರೆಯುತ್ತಿದ್ದದ್ದೇ ಹಾಗೆ. ನಾನು ಕರ್ಸಿವ್‌ನಲ್ಲಿ ಬರೆದೆ. ಪೆನ್ನು ಎತ್ತದೆ, ಅವ್ವ ಬರೆದಂತೆ, ಶಾವಿಗೆಯಂತೆ. ರಿಜಿಸ್ಟರನ್ನು ಹಿಂದಕ್ಕೆ ತಿರುವಿ, ಸಹಿಯಿಲ್ಲದ ಈಚಿನ ಪುಟಗಳನ್ನು ದಾಟಿ, ನನ್ನ ಹಳೆಯ ಪುಟಗಳನ್ನೂ ತೋರಿಸಿದೆ. "ನಾನು ಬರೆಯುವುದು ಹೀಗೆ, ಸರ್."

ಲೀಡ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಆ ಕಾಪಿ ಎಲ್ಲಿದೆ? ತೋರಿಸಮ್ಮಾ." ಅವರ ದನಿಯಲ್ಲಿ ತಮಾಷೆ ಇಲ್ಲದ್ದನ್ನು ಅವತ್ತೇ ಮೊದಲು ಕೇಳಿದ್ದು.

"ಹಾಸ್ಟೆಲ್‌ನಾಗ ಐತ್ರಿ, ಸರ್."

ಅದು ನನ್ನ ಕುರ್ಚಿಯ ಕೆಳಗೆ, ಬ್ಯಾಗಿನಲ್ಲಿತ್ತು.

ಮುಂದಿನ ವಾರ ಅವರ ಮೇಜು ಖಾಲಿ. ಪುಣೆಗೆ ಹಾಕಿದರು ಎಂದರು ಕೆಲವರು, ಮನೆಗೆ ಕಳಿಸಿದರು ಎಂದರು ಕೆಲವರು. ನಾನು ವಿಚಾರಿಸಲಿಲ್ಲ. ನನ್ನ ಕೆಲಸ ಕಾಯಂ ಆಯಿತು, ಕಾಗದಕ್ಕೆ ಬೇರೆಯವರು ಸಹಿ ಹಾಕಿದರು. ಆ ಸಂಜೆ ಮಿಯಾಪುರದಲ್ಲಿ ಬಸ್ಸಿಳಿದು ಎರಡು ಪ್ಲೇಟು ಮಿರ್ಚಿ ತಿಂದೆ. ಆ ರುಚಿಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಪಶ್ಚಾತ್ತಾಪ ಬರಲಿ ಎಂದು ಕಾದು ನೋಡಿದ್ದೇನೆ, ಬಂದಿಲ್ಲ.

ಕಾಪಿಬುಕ್ಕು ಈಗಲೂ ಇದೆ. ಕೊನೆಯ ಪುಟ ತೆರೆದು, ಮೊದಲ ಸಾಲು ಅವರದೆಂಬುದನ್ನು ಮರೆತು ನೋಡಲು ಯತ್ನಿಸುತ್ತೇನೆ. ಅದಕ್ಕೂ ನನ್ನ ಸಾಲುಗಳಿಗೂ ವ್ಯತ್ಯಾಸ ಕಾಣುವುದಿಲ್ಲ. ಪಾಳಿ ಬದಲಾಗುತ್ತಿದ್ದ ಆ ಮಧ್ಯಾಹ್ನ ಅವರು ರಿಜಿಸ್ಟರಿನ ಮೇಲೆ ಬಾಗಿದ್ದು ನೆನಪಿದೆ. ಪೆನ್ನಿನ ದಾರ ನನ್ನ ಮಣಿಕಟ್ಟಿಗೆ ತಾಗಿದ್ದೂ ನೆನಪಿದೆ, ಆದರೆ ಅದು ಬೇರೆ ದಿನದ್ದಿರಬಹುದು. ರಿಜಿಸ್ಟರಿನ ಆ ಸಾಲನ್ನು ಬರೆದವರು ಅವರೋ ನಾನೋ, ನನಗೆ ಗೊತ್ತಿಲ್ಲ.