ಕಾವೇರಿಯ ಎರಡನೇ ಕಾರ್ಡು

ಕಾವೇರಿ ಕಂಪನಿಯ ಐಡಿ ಕಾರ್ಡನ್ನು ಕೊರಳಿಗೆ ಹಾಕಿಕೊಂಡೇ ಕಾಯಿಪಲ್ಲೆ ಸಂತೆಗೆ ಬರುತ್ತಿದ್ದಳು. ರವಿವಾರವೂ ತೆಗೆಯುತ್ತಿರಲಿಲ್ಲ. ಮದುವೆಮನೆಯಲ್ಲಿ ಇಳಕಲ್ ಸೀರೆಯ ಮೇಲೆ, ತಾಳಿಯ ಪಕ್ಕದಲ್ಲಿ, ಅದೇ ನೀಲಿ ಪಟ್ಟಿ, ತುದಿಗೆ ಆಕೆಯ ಫೋಟೊ. ತಾರಿಹಾಳದ ವಾಲ್ವ್ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುವ ಹೆಣ್ಣುಮಗಳಿಗೆ ಇಷ್ಟು ಧಿಮಾಕು ಯಾಕೆ ಎಂದು ಓಣಿ ಮಾತಾಡಿಕೊಳ್ಳುತ್ತಿತ್ತು. ಇದನ್ನು ಬರೆಯುತ್ತಿರುವವನೂ ಹಾಗೇ ತಿಳಿದಿದ್ದ. ತಾಳಿಯನ್ನೂ ಕಂಪನಿಯೇ ಕೊಟ್ಟಿರಬೇಕು ಎಂದು ಒಂದು ಜೋಕನ್ನೂ ಹೊಡೆದಿದ್ದ. ಜೋಕಿಗೆ ಮಂದಿ ಚೆನ್ನಾಗಿಯೇ ನಕ್ಕರು.

ಅದು ಧಿಮಾಕು ಆಗಿರಲಿಲ್ಲ. ಆಕೆಯ ಗಂಡ ಸಿದ್ಧಾರೂಢನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಖಾಸಗಿ ದವಾಖಾನೆಯೊಂದರಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್. ಖರ್ಚು ಕಾವೇರಿಯ ಕಂಪನಿಯ ಇನ್ಶೂರೆನ್ಸಿನದು. ಕೌಂಟರಿನಲ್ಲಿ ಕೇಳುವುದು ಆಕೆಯ ಐಡಿ ಕಾರ್ಡನ್ನು. ಒಮ್ಮೆ ಉಸಿರು ಕಟ್ಟಿದ ಗಂಡನನ್ನು ಅವಸರದಲ್ಲಿ ಕರೆದೊಯ್ದಾಗ ಕಾರ್ಡು ಮನೆಯಲ್ಲೇ ಉಳಿದಿತ್ತು. ಅದು ಬರುವತನಕ ಆತ ಗಾಲಿಮಂಚದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ. ಅಂದಿನಿಂದ ಕಾರ್ಡು ಆಕೆಯ ಕೊರಳು ಬಿಟ್ಟಿಲ್ಲ.

ಹಾಸಿಗೆ ಹಿಡಿಯುವ ಮುಂಚೆ ಸಿದ್ಧಾರೂಢನದು ಶಾಮಿಯಾನ ಬಾಡಿಗೆಗೆ ಕೊಡುವ ಧಂದೆ. ಖುರ್ಚಿಗಳೆಲ್ಲ ಅವನವೇ ಆದ್ದರಿಂದ ಯಾವ ಸಮಾರಂಭವಾದರೂ ವೇದಿಕೆಯ ಮೇಲೆ ಒಂದು ಖುರ್ಚಿ ಅವನಿಗೆ ತಾನಾಗಿ ಸಿಗುತ್ತಿತ್ತು. ಮೈಕೂ ಅವನದೇ ಆದ್ದರಿಂದ ಎರಡು ಮಾತೂ ಸಿಗುತ್ತಿದ್ದವು. ಓಣಿಯಲ್ಲಿ ಸರ್ಕಾರದ ಆರೋಗ್ಯ ಕಾರ್ಡು ಹಂಚಿದ ದಿನವೂ ಹಾಗೇ ಆಯಿತು. ಆಚೆ ಮನೆಯ ಮುದುಕಿ ರುಕ್ಮವ್ವನಿಗೆ ಆತ ಕಾರ್ಡು ಕೊಡುತ್ತಿರುವ ಫೋಟೊ ಅವನ ಮನೆಯ ಪಡಸಾಲೆಯಲ್ಲಿ ದೇವರ ಫೋಟೊಗಿಂತ ಒಂದು ಗೇಣು ಮೇಲೆ ತೂಗುತ್ತಿದೆ. ಅಂದು ಮೈಕಿನಲ್ಲಿ ಆತ ಹೇಳಿದ್ದ: "ಮನ್ಯಾಗ ಬ್ಯಾರೆ ಇನ್ಶೂರೆನ್ಸ್ ಇದ್ದವರು ಈ ಕಾರ್ಡ್ ಮಾಡಸಬ್ಯಾಡ್ರಿ. ಮಾಡಿಸಿದ್ರ ಮೊದಲಿಂದು ರದ್ದಾಕ್ಕೈತಿ."

ಎಲ್ಲಿ ಕೇಳಿದ್ದನೋ, ಅವನಿಗೂ ನೆನಪಿಲ್ಲ. ಮೈಕಿನಲ್ಲಿ ಬಂದ ಮಾತಿಗೆ ಪುರಾವೆ ಯಾರು ಕೇಳುತ್ತಾರೆ? ಕಾವೇರಿಯೂ ಕೇಳಲಿಲ್ಲ.

ಇಷ್ಟರಲ್ಲಿ ದಿನವಿಡೀ ನಿಂತು ನಿಂತು ಆಕೆಯ ಕಾಲಿನ ನರಗಳು ಹಗ್ಗದ ಹಾಗೆ ಹೊಸೆದುಕೊಂಡವು. ಹಿಮ್ಮಡಿಯ ಮೇಲೊಂದು ಹುಣ್ಣಾಗಿ ಮಾಯಲೇ ಇಲ್ಲ. ನಿಲ್ಲುವ ಕೆಲಸ ಬಿಡು, ಇಲ್ಲದಿದ್ದರೆ ಕಾಲು ಬಿಡಬೇಕಾದೀತು ಎಂದರು ಡಾಕ್ಟರು. ಕೆಲಸ ಬಿಟ್ಟರೆ ಇನ್ಶೂರೆನ್ಸೂ ಬಿಟ್ಟುಹೋಗುತ್ತದೆ, ಅದರ ಹಿಂದೆ ಗಂಡನೂ. ಕಾವೇರಿ ಹುಣ್ಣಿಗೆ ಅರಿವೆ ಸುತ್ತಿಕೊಂಡು ಮತ್ತೆ ಕಂಪನಿ ಬಸ್ಸು ಹತ್ತಿದಳು.

ಅದೇ ತಪಾಸಣೆಯ ಮೇಜಿನಲ್ಲಿ ಆಕೆಯ ಪಕ್ಕ ನಿಲ್ಲುವವಳು ಜರೀನಾ. ಊಟದ ಹೊತ್ತಿನಲ್ಲಿ ಆ ಅರಿವೆ ನೋಡಿ ಹೇಳಿದಳು: "ಅಕ್ಕಾ, ಸರ್ಕಾರದ ಕಾರ್ಡ್ ಒಂದು ಮಾಡಿಸಿ ಇಡ್ರಲ್ಲ. ಸರ್ಕಾರಿ ದವಾಖಾನ್ಯಾಗೂ ಡಯಾಲಿಸಿಸ್ ಮಾಡ್ತಾರ."

"ಕಂಪನಿದು ರದ್ದಾಕ್ಕೈತೆಲ್ಲವಾ."

"ಯಾರ ಹೇಳಿದ್ರು?"

"ನಮ್ಮ ಮನಿಯವರು. ಮೈಕಿನ್ಯಾಗ."

ಜರೀನಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ನಮ್ಮನ್ಯಾಗ ಎರಡೂ ಅದಾವು. ಮಗಾ ಬಿಲಾಲ ಕೈ ಮುರಕೊಂಡಾಗ ಕಂಪನಿದು ಹಚ್ಚಿದ್ವಿ. ಅತ್ತೀದು ಹಾರ್ಟ್ ಆಪರೇಶನ್ ಸರ್ಕಾರದ್ರಾಗ ಆತು. ಒಂದರ ಗೊಡವಿ ಒಂದಕ್ಕಿಲ್ಲ, ಒಂದ ಮನ್ಯಾಗ ಜಗಳಾಡಿದ ನೆಗೆಣ್ಣ್ಯಾರು ಇದ್ದಂಗ."

ಕಂಪನಿಯ ಆಫೀಸಿನಲ್ಲಿ ಕೇಳಿದರೆ ಅಲ್ಲೂ ಅದನ್ನೇ ಹೇಳಿದರು. ಕಾವೇರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು. ಇಷ್ಟು ವರ್ಷ ಒಂದು ಬಾಡಿಗೆ ಮೈಕಿನ ಮಾತಿಗೆ ನಿಂತಿದ್ದೆನಲ್ಲ ಎನಿಸಿ ಆ ದಿನ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಳು.

ಸಂಜೆ ವಿಷಯ ತೆಗೆದಾಗ ಸಿದ್ಧಾರೂಢ ಮಂಚದ ಮೇಲೆ ನೆಟ್ಟಗಾದ.

"ನಾ ಹಂಚಿದ ಕಾರ್ಡ್ ಅದು. ಈಗ ನಾನ ಪಾಳಿ ಹಚ್ಚಲ್ಯಾ? ನಾಳೆ ರುಕ್ಮವ್ವ ನೋಡಿದ್ರ ಏನ್ ತಿಳಕೋತಾಳ?"

"ರುಕ್ಮವ್ವ ತೀರಿಕೊಂಡು ವರ್ಷ ಆತ್ರಿ."

ಆತ ತಲೆಯೆತ್ತಿ ಗೋಡೆಯ ಮೇಲಿನ ಆ ಫೋಟೊ ನೋಡಿದ. ಅದರಲ್ಲಿ ಕಾರ್ಡಿಗೆ ಕೈ ಚಾಚಿದ್ದವಳು ಹೋಗಿದ್ದಾಳೆಂಬ ಸುದ್ದಿ ಅವನ ತನಕ ಬಂದಿರಲಿಲ್ಲ. ಬಂದಿದ್ದರೂ ಡಯಾಲಿಸಿಸ್ ದಿನ ಬಂದು ಹಾಗೇ ಹೋಗಿರಬೇಕು.

"ಆದ್ರೂ ನಮಗೊಂದು ಘನತಿ ಅನ್ನೂದು..."

ಕಾವೇರಿ ಸೀರೆಯ ಅಂಚು ಎತ್ತಿ ಕಾಲಿನ ಅರಿವೆ ಬಿಚ್ಚಿದಳು. ನೋಡಿದವನು ಗೋಡೆಯ ಕಡೆ ತಿರುಗಿ ಮಲಗಿದ. ಗೋಡೆಗೇ ಹೇಳಿದ: "ರದ್ದಾಕ್ಕೈತಿ ಅಂತ ನಾ ಖರೇನ ತಿಳದಿದ್ದೆ."

"ಗೊತ್ತೈತ್ರಿ. ಸರ್ಕಾರದ್ದು ಕೈಗೆ ಬರೂತನಕ ಎರಡೂ ಇರ್ಲಿ. ಈ ತಿಂಗಳು ಮುಗೀತಂದ್ರ ನಾ ಕೆಲಸ ಬಿಡ್ತೇನಿ. ಕೂತು ಮಾಡೂದು ಯಾವುದರ ನೋಡ್ಕೋತೇನಿ."

ಎರಡು ದಿನ ಬಿಟ್ಟು ಇಬ್ಬರೂ ರಿಕ್ಷಾದಲ್ಲಿ ಸರ್ಕಾರಿ ದವಾಖಾನೆಗೆ ಹೋದರು. ಸಿದ್ಧಾರೂಢ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜೇಬಿಗೊಂದು ಪೆನ್ನು ಸಿಕ್ಕಿಸಿಕೊಂಡಿದ್ದ. ದೂರದಿಂದ ನೋಡಿದರೆ ಮುಖ್ಯ ಅತಿಥಿ, ಹತ್ತಿರದಿಂದ ನೋಡಿದರೆ ಅಂಗಿ ಅವನಿಗಿಂತ ಎರಡು ಪಟ್ಟು. ಕಾರ್ಡು ಮಾಡಿಸುವವರ ಪಾಳಿ ಬೇವಿನ ಮರದವರೆಗೆ ಬೆಳೆದಿತ್ತು. ಪಾಳಿಯಲ್ಲಿದ್ದವನೊಬ್ಬ ಗುರುತು ಹಿಡಿದ.

"ಏನ್ರಿ ಸಿದ್ಧಾರೂಢಣ್ಣ, ಇಲ್ಲೂ ಶಾಮಿಯಾನ ಹಾಕಾವ್ರೇನು?"

"ಇಲ್ಲಪಾ, ವ್ಯವಸ್ಥಾ ಹೆಂಗೈತಿ ಅಂತ ನೋಡಾಕ ಬಂದೇನಿ," ಎಂದ ಸಿದ್ಧಾರೂಢ. ಹಾಗೆಂದು ಪಾಳಿಯ ಕೊನೆಯಲ್ಲಿ ಹೋಗಿ ನಿಂತು ನೋಡತೊಡಗಿದ. ಅರ್ಧ ತಾಸಿಗೆ ಉಸಿರು ಮೇಲಕ್ಕೆ ಬಂತು, ಕೂರಬೇಕೆಂದರೆ ಅಲ್ಲಿ ಒಂದೂ ಖುರ್ಚಿ ಇರಲಿಲ್ಲ. ಹೆಂಡತಿಯ ಭುಜ ಹಿಡಿದುಕೊಂಡ. ಆಕೆ ಹುಣ್ಣಿದ್ದ ಕಾಲಿನಿಂದ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿ ಗಟ್ಟಿಯಾಗಿ ನಿಂತಳು. ಪಾಳಿ ಒಂದು ಹೆಜ್ಜೆ ಮುಂದೆ ಸರಿಯಿತು. ಆತ ಅತ್ತಿತ್ತ ನೋಡಿ ಆಕೆಯ ಕಿವಿಯ ಹತ್ತಿರ ಬಗ್ಗಿದ.

"ಕಾವೇರಿ, ನಾ ಇಲ್ಲಿ ನಿಂತಿದ್ದು ನೋಡಿದ್ರ ಮಂದಿ ಏನಂತಾರ?"

"ಇನ್ನೂ ಅದಾನ ಅಂತಾರ್ರಿ."