ಭ್ರಮನಿರಸನಕ್ಕೊಂದು ಉದಾಹರಣೆ ವಾಕ್ಯ

ಬಿ.ಎ. ಮೊದಲ ವರ್ಷದ ಮಕ್ಕಳಿಗಾಗಿ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದೆ: ಮನಸ್ಸಿನ ಸ್ಥಿತಿ ಹೇಳುವ ಪದಗಳು, ಅವುಗಳ ಬಳಕೆ. ಮುದ್ದೇಬಿಹಾಳದ ಕಾಲೇಜಿನಲ್ಲಿ ಕನ್ನಡ ಕಲಿಸುವ ನನಗೆ ಇದು ಹಗುರ ಕೆಲಸ ಅನಿಸಿತ್ತು. ಬಸ್ಸು ತಪ್ಪಿದರೆ ಬೇಸರ. ಕಾದಿದ್ದ ನೌಕರಿಯ ಪತ್ರ ಬಾರದಿದ್ದರೆ ನಿರಾಸೆ. ಅದು ಮುಂದಿನ ಸಲ ಬರಬಹುದು. ಇನ್ನು ಬರುವುದೇ ಇಲ್ಲ ಎಂದು ಕೈಚೆಲ್ಲಿ ಕೂತರೆ ಹತಾಶೆ. ಭ್ರಮನಿರಸನಕ್ಕೆ ಬಂದಾಗ ಪೆನ್ನು ನಿಂತಿತು. ಯಾರನ್ನೋ ಬಹಳ ನಂಬಿರುತ್ತೇವೆ, ಅವರು ನಾವು ಅಂದುಕೊಂಡಂತೆ ಇಲ್ಲ ಎಂದು ತಿಳಿಯುತ್ತದೆ. ಅರ್ಥವೇನೋ ಸರಿ. ಆದರೆ ಪದ ಪೇಪರಿನದು, ಭಾಷಣದ್ದು. ನಮ್ಮ ಮನೆಯಲ್ಲಿ ಯಾರೂ "ನನಗ ಭ್ರಮನಿರಸನ ಆಗೈತಿ" ಎಂದು ಅತ್ತದ್ದಿಲ್ಲ.

ಇಂಡಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಒಬ್ಬರ ಮ್ಯಾಲೆ ಭಾಳ ನಂಬಿಗಿ ಇಟ್ಟಿರತೀವಿ. ಅಂವ ಅಂಥಾಂವ ಅಲ್ಲಂತ ಗೊತ್ತಾಗತೈತಿ. ಅದಕ್ಕ ನಿಮ್ಮ ಕಡಿ ಏನಂತಾರ?"

ಇಲ್ಲಿ ಅವಳ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು ಎಂದು ಈ ಬರಹದ ಮೊದಲ ಕರಡಿನಲ್ಲಿ ಬರೆದಿದ್ದೆ. ಕೂಗಿರಲಿಲ್ಲ. ಅವಳು ಸುಮ್ಮನಿದ್ದಳು. ಅದನ್ನು ಮುಚ್ಚಲು ನನಗೊಂದು ಸದ್ದು ಬೇಕಾಗಿತ್ತು.

"ಹಾದಿ ನೋಡೂದು ಬಿಟ್ಟೆ ಅಂತೀವಿ," ಅಂದಳು.

"ವಾಕ್ಯದಾಗ ಹೇಳು."

"ಇನ್ನೂ ಮಾಸ್ತರಾನ ಆಗಿ ಉಳದಿ ನೋಡು. ಬರಕೋ. ಪಂಚಮಿ ಬಂದ್ರ ಈಗ ನಾ ಬಾಗಿಲದಾಗ ಕುಂಡ್ರೂದಿಲ್ಲ, ಹಾದಿ ನೋಡೂದು ಬಿಟ್ಟೇನಿ. ಆತಿಲ್ಲೋ?"

"ಭಾಳ ಚೊಲೋ ವಾಕ್ಯ, ಅಕ್ಕಾ," ಅಂದೆ ನಾನು.

ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಗಳನ್ನು ತವರಿಗೆ ಕರೆತರಲು ಅಣ್ಣನೋ ತಮ್ಮನೋ ಖುದ್ದು ಹೋಗಬೇಕು. ಅಪ್ಪ ಅವ್ವ ತೀರಿಕೊಂಡ ಮೇಲೆ ಅಕ್ಕನಿಗೆ ತವರೆಂದರೆ ನಾನೊಬ್ಬನೇ. ಕೆಲವು ವರ್ಷ ಹೋದೆ. ಆಮೇಲೆ ಒಂದು ವರ್ಷ ಉತ್ತರಪತ್ರಿಕೆ ತಿದ್ದುವ ಕೆಲಸ ಬಂತು. ಹೆಂಡತಿ ಕಟ್ಟಿದ ಶೇಂಗಾ ಉಂಡಿಯನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಒಂದು ಸೀರೆ ಸುತ್ತಿ, ಇಂಡಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ನಮ್ಮ ಕಡೆ ಬಸ್ಸಿನಲ್ಲಿ ಏನು ಕಳಿಸುವುದಿಲ್ಲ? ಪರ ಊರಲ್ಲಿ ಓದುವ ಮಕ್ಕಳ ಬುತ್ತಿ ದಿನಾ ಹೋಗುತ್ತದೆ. ಹಾಗೆಯೇ ನಾನು ತವರನ್ನೂ ಕಳಿಸಿದೆ. ಮುಂದಿನ ಎರಡು ವರ್ಷವೂ ಡಬ್ಬಿಯೇ ಹೋಯಿತು. ಎರಡನೆಯ ವರ್ಷ ಏನು ಅಡ್ಡ ಬಂತು, ನೆನಪಿಲ್ಲ. ಮೂರನೆಯ ವರ್ಷ ಏನೂ ಅಡ್ಡ ಬಂದಿರಲಿಲ್ಲ. ಅದು ಮಾತ್ರ ಚೆನ್ನಾಗಿ ನೆನಪಿದೆ.

ಪುಸ್ತಕ ಬಸವನ ಬಾಗೇವಾಡಿಯಲ್ಲಿ ಅಚ್ಚಾಗಿ ಬಂತು. ಭ್ರಮನಿರಸನದ ಕೆಳಗೆ ಅಕ್ಕನ ವಾಕ್ಯ, ಅಕ್ಷರವೂ ಬದಲಾಗದೆ. ತರಗತಿಯಲ್ಲಿ ಅದನ್ನು ಓದಿದೆ. ತಂಗಡಗಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಅಕಿನ ಕರೆಯಾಕ ಯಾರೂ ಬರಲಿಲ್ಲೇನ್ರಿ?"

"ಬರಲಿಲ್ಲ."

"ಯಾಕ್ರಿ? ಅಣ್ತಮ್ಮ ಯಾರೂ ಇಲ್ಲೇನ್ರಿ ಅಕಿಗೆ?"

"ಬರೇ ಉದಾಹರಣೆ ಇದು," ಅಂದೆ. "ಕುಂಡ್ರು."

ಹಿಂದಿನ ಬೆಂಚಿನಿಂದ ಒಬ್ಬ, "ಇದ್ರೂ ಇಲ್ಲದಂಗ ಇದ್ದಿರಬೇಕ್ರಿ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಕ್ಷಣದಲ್ಲಿ ನನಗೆ ಎಲ್ಲ ಹೊಳೆಯಿತು ಎಂದು ಬರೆದರೆ ಚಂದ. ಸುಳ್ಳು. ಫೋನಿನಲ್ಲಿ ಅವಳು ಹೇಳುವಾಗಲೇ ಗೊತ್ತಾಗಿತ್ತು. ಗೊತ್ತಾಗಿಯೇ ಬರೆದುಕೊಂಡೆ. ವಾಕ್ಯ ಚೆನ್ನಾಗಿತ್ತು.

ಈ ಶ್ರಾವಣದಲ್ಲಿ, ಪಂಚಮಿಗೆ ಎರಡು ದಿನ ಮೊದಲು, ಫೋನ್ ಮಾಡದೆ ಇಂಡಿಗೆ ಹೊರಟೆ. ಬೆಳಿಗ್ಗೆಯ ಬಸ್ಸು. ತಾಳಿಕೋಟೆ ದಾಟಿತು, ಸಿಂದಗಿಯಲ್ಲಿ ಚಹಾಕ್ಕೆ ನಿಂತಿತು. ಅಕ್ಕ ಬಾಗಿಲಲ್ಲಿ ಕೂತಿರುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಕೂರುವುದಿಲ್ಲ ಎಂದು ಅವಳೇ ಹೇಳಿದ್ದಳು. ನಾನೇ ಅಚ್ಚು ಹಾಕಿಸಿದ್ದೆ.

ಬಾಗಿಲು ತೆಗೆದವಳು ಅವಳ ಮಗಳು.

"ಅವ್ವಾ, ಮಾಮಾ ಬಂದಾನ! ಬಸ್ಸಿನ್ಯಾಂವಂಗ ಇವತ್ತ ರಜಾ ಕಾಣತೈತಿ."

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ನಗುತ್ತಿದ್ದಳು. "ಸುಮ್ನಿರ ಹುಚ್ಚಿ. ಬಾ ತಮ್ಮಾ. ಆ ಕಂಡಕ್ಟರ ಭಾಳ ಚೊಲೋ ಮನಷಾ ಅದಾನ. ಹೋದ ವರ್ಷ ಬಸ್ಟ್ಯಾಂಡನ್ಯಾಗ ಚಾ ಕುಡಿಸಿ, ನೀ ಕಳಿಸಿದ್ದ ಉಂಡಿ ಎರಡ ಕೊಟ್ಟು ಕಳಿಸಿದೆ. ಪಾಪ, ಪಂಚಮಿಗಿ ಬಂದಾಂವ ಅಂವನ ಅಲ್ಲ?"

ಊಟ ಬಡಿಸಿದಳು. ತುಪ್ಪ ಬೇಡವೆಂದರೂ ಹಾಕಿದಳು. ಕೈ ತೊಳೆದ ಮೇಲೆ ಹೇಳಿದೆ, "ಕರೆಯಾಕ ಬಂದೇನಿ, ಅಕ್ಕಾ. ತಯಾರಾಗು."

"ಆಗಂಗಿಲ್ಲಪಾ. ನಾಳಿ ತ್ವಾಟದಾಗ ಲಿಂಬಿ ಹರಿಯಾಕ ಆಳಿಗಿ ಹೇಳೇನಿ."

"ಪಂಚಮಿಗಿ ಲಿಂಬಿ ಹರಸ್ತಾರೇನ?"

"ಮೊದಲ ಹರಸ್ತಿರಲಿಲ್ಲ," ಅಂದಳು. "ಊರಾಗ ಇರ್ತಿರಲಿಲ್ಲಲ್ಲ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದರೆ ಕಾಲು ಹಿಡಿದಾದರೂ ಕರೆತರುತ್ತಿದ್ದೆನೇನೋ. ಪುಸ್ತಕದ ವಿಷಯ ಹೇಳಲೇಬೇಕೆಂದು ಹೋದವನು, ಚೀಲದಲ್ಲಿದ್ದ ಪ್ರತಿಯನ್ನು ಹೊರಗೆ ತೆಗೆಯಲಿಲ್ಲ.

"ಬರೂ ವರ್ಷ?" ಅಂದೆ.

"ಬರೂ ವರ್ಷದ್ದು ಈಗ್ಯಾಕ?" ಎನ್ನುತ್ತ ಒಳಗೆ ಹೋಗಿ ಮೂರು ಸ್ಟೀಲಿನ ಡಬ್ಬಿ ತಂದಿಟ್ಟಳು. ಮೂರು ವರ್ಷದವು. ಬರಿದಾದ ಡಬ್ಬಿ ತಿರುಗಿ ಕೊಡುವ ರೂಢಿ ನಮ್ಮಲ್ಲಿಲ್ಲ. ಮೂರರಲ್ಲೂ ಲಿಂಬೆಯ ಉಪ್ಪಿನಕಾಯಿ ಇತ್ತು. ಒಂದರದು ಹಳತಾಗಿ ಕಪ್ಪಾಗಿತ್ತು. ಮೊದಲ ವರ್ಷವೇ ಹಾಕಿಟ್ಟದ್ದಿರಬೇಕು. ನಾನು ಬಂದಾಗ ಕೊಡಲು. ಕೇಳಲಿಲ್ಲ. ಇದನ್ನೂ ನಾನು ಊಹಿಸಿ ಬರೆಯುತ್ತಿರಬಹುದು.

ಮರಳುವ ಬಸ್ಸಿನಲ್ಲಿ ಅದೇ ಕಂಡಕ್ಟರ. ನನ್ನನ್ನು ನೋಡಿ, ತೊಡೆಯ ಮೇಲಿನ ಡಬ್ಬಿಗಳನ್ನು ನೋಡಿ ನಕ್ಕ.

"ಸರ, ಈ ಸಲ ಪಾರ್ಸಲ್ ನೀವ ಒಯ್ಯಾಕತ್ತೀರಲ್ರಿ! ಅಕ್ಕಾರು ಬರಲಿಲ್ರಿ?"

"ಇಲ್ರಿ. ಕೆಲಸ ಐತಂತ."

"ಹೆಣ್ಮಕ್ಕಳಿಗಿ ಬಸ್ಸ ಪುಕ್ಕಟ ಐತ್ರೀಪಾ. ಕರಕೊಂಡ ಬರಬೇಕಿಲ್ರಿ?"

"ಬರಬೇಕಿತ್ತು," ಅಂದೆ.

ಅವನು ಒಂದೇ ಟಿಕೇಟು ಹರಿದು ಕೊಟ್ಟ.